ಹೊಲ ಯಾರದು

ಯಮಕನಮರಡಿಯ ತಾರಾಬಾಯಿಯವರ ಮಸಾಲೆ ಖಾರದ ಕಾರ್ಖಾನೆಗೆ ಒಂದು ಸೋಮವಾರ ಕುರ್ಚಿ ಬಂತು. ಕುರ್ಚಿ ಬರುವುದೇನು ದೊಡ್ಡ ಸಂಗತಿಯಲ್ಲ, ನಿಜ. ಆದರೆ ಈ ಕುರ್ಚಿಗೆ ಹಿಂದೆ ಒರಗು, ಅಕ್ಕಪಕ್ಕ ಕೈ, ಕೆಳಗೆ ಗಾಲಿ, ಎಲ್ಲ ಇದ್ದವು. ಮೆಣಸಿನಕಾಯಿ ಹುರಿಯುವ ಜಾಗದಲ್ಲಿ ಗಾಲಿಯ ಮೇಲೆ ಕೂತು ಯಾವ ಊರಿಗೆ ಹೋಗುವುದಿತ್ತೋ, ತಂದವನೇ ಬಲ್ಲ.

ತಂದವನು ಅಭಿನಂದನ, ತಾರಾಬಾಯಿಯ ಒಬ್ಬನೇ ಮಗ. ಹೆದ್ದಾರಿಯನ್ನು ಅಗಲ ಮಾಡಲು ಊರ ಬಾಜೂದ ಬೇವಿನ ಮರಗಳನ್ನೆಲ್ಲ ಕಡಿದು ಹಾಕಿದ ವರ್ಷ ಅದು. ಅವನು ಕೊಲ್ಹಾಪುರದಲ್ಲಿ ಕಾಲೇಜು ಮುಗಿಸಿ ಬಂದಿದ್ದ. ತಾಯಿಯ ಮೊಣಕಾಲು ಕೈಕೊಟ್ಟು ಆಕೆ ಮೇಲಿನ ಮನೆಯಿಂದ ಮೆಟ್ಟಿಲಿಳಿಯುವುದನ್ನು ಬಿಟ್ಟ ಮೇಲೆ ಕಾರ್ಖಾನೆಯ ಕೀಲಿಕೈ ಅವನ ಕೈಗೆ ಬಂದಿತ್ತು. ಹುಡುಗ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನ ಮೇಲೆ ಸಿಟ್ಟು ಬರುವುದುಂಟು.

ಆ ತಿಂಗಳು ಅವನು ಬೆಳಗಾವಿಯ ದೊಡ್ಡ ಹೋಟೆಲಿನಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರಿಗೆಂದೇ ನಡೆದ ಶಿಬಿರಕ್ಕೆ ಹೋಗಿ ಬಂದಿದ್ದ. ಟೈ ಕಟ್ಟಿದ ಒಬ್ಬರು ಅಲ್ಲಿ ಇಡೀ ದಿನ ನಿಂತು, ನಾಯಕನಾದವನು ಮೊದಲು ಸೇವಕನಾಗಬೇಕು ಎಂದು ಬೋಧಿಸಿದರಂತೆ. ಆಳಾಗಬಲ್ಲವನು ಅರಸನಾಗಬಲ್ಲ ಎಂದು ನಮ್ಮ ಅಜ್ಜಿಯರು ಪುಕ್ಕಟೆ ಹೇಳುತ್ತಿದ್ದ ಮಾತನ್ನು ಅವನು ಫೀ ಕಟ್ಟಿ ಕೇಳಿ ಬಂದ. ಬಂದವನು ಅದನ್ನು ಬಂಗಾರದ ಬಣ್ಣದಲ್ಲಿ ಬರೆಸಿ, ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ. ಅದೇ ವಾರ ಕುರ್ಚಿಯನ್ನೂ ತಂದ. ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಆ ಕಾರ್ಖಾನೆ ಅಲ್ಲಿಯವರೆಗೆ ಹೇಗೆ ನಡೆದಿತ್ತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತಾರಾಬಾಯಿ ಅದನ್ನು ತನ್ನ ಅಡುಗೆಮನೆಯಲ್ಲಿ ಒಂದು ಕಡಾಯಿ ಇಟ್ಟು ಶುರು ಮಾಡಿದವರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕದ ಖಾರ. ಜೈನರ ಮನೆಗಳಿಗೂ ನಡೆಯುತ್ತಿತ್ತು, ಉಳಿದವರಿಗೂ ರುಚಿ ಹತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಗಳಲ್ಲೆಲ್ಲ ಅದರ ಪಾಕೀಟುಗಳು ಸಿಗುತ್ತಿದ್ದವು. ಕೆಲಸಕ್ಕೆ ಬರುವ ಹದಿನೈದಿಪ್ಪತ್ತು ಹೆಣ್ಣುಮಕ್ಕಳೆಲ್ಲ ಹೊಲದ ಕೆಲಸ ಮಾಡಿ ಬೆಳೆದವರು. ಬರುವಾಗ ಕೈಯಲ್ಲಿ ಬುತ್ತಿ ತಂದರು, ಜೊತೆಗೆ ಮುಯ್ಯಾಳಿನ ರೀತಿಯನ್ನೂ ತಂದರು.

ಮುಯ್ಯಾಳು ಎಂದರೆ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಅದಕ್ಕೊಂದು ಕಟ್ಟಳೆ ಇದೆ. ಯಾರ ಹೊಲವೋ ಆಕೆ ಎಲ್ಲರಿಗಿಂತ ಮೊದಲು ಅಲ್ಲಿರಬೇಕು. ನೀರಿನ ಕೊಡ ಆಕೆಯೇ ಹೊತ್ತು ತರಬೇಕು, ಕಲ್ಲುಮುಳ್ಳು ಹೆಚ್ಚಿರುವ ಸಾಲನ್ನು ಆಕೆಯೇ ಹಿಡಿಯಬೇಕು, ಎಲ್ಲರೂ ಉಂಡ ಮೇಲೆ ತಾನು ಉಣ್ಣಬೇಕು. ಇಷ್ಟು ಮಾಡಿದರೆ ಆ ದಿನ ಆಕೆಯ ಮಾತೇ ಮಾತು, ದೊಡ್ಡ ಗೌಡತಿ ಬಂದಿದ್ದರೂ ಬಗ್ಗಿ ಕೇಳಬೇಕು. ಮಾಡದಿದ್ದರೆ ಆಕೆಯ ಮಾತನ್ನು ಗಾಳಿಗೆ ಬಿಡುತ್ತಾರೆ.

ಕಾರ್ಖಾನೆಯಲ್ಲಿ ಹೊಲವಿರಲಿಲ್ಲ. ಆದ್ದರಿಂದ ಅವರು ಹೊಲವನ್ನು ಸರದಿಯ ಮೇಲೆ ಹಂಚಿಕೊಂಡರು. ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಮೊದಲ ಮಾತು, "ಇವತ್ತ ಹೊಲ ಯಾರದು?" ಯಾರದೋ ಆಕೆ ಅಷ್ಟೊತ್ತಿಗೆ ಕಸ ಹೊಡೆದು, ನೀರು ತುಂಬಿ, ಒಲೆ ಹೊತ್ತಿಸಿ, ಕಡಾಯಿಯ ಮುಂದೆ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಕೂತಿರುತ್ತಿದ್ದಳು. ಕಡಾಯಿಯ ಮುಂದಿನ ಜಾಗ ನರಕ. ಮೆಣಸಿನಕಾಯಿಯ ಘಾಟು ಮೂಗು, ಗಂಟಲು, ಎದೆಯ ತನಕ ಇಳಿಯುತ್ತದೆ. ಒಂದೇ ದಿನದ ನರಕ ಎಂದು ಗೊತ್ತಿದ್ದರಿಂದ ಎಲ್ಲರೂ ಅದನ್ನು ನಗುತ್ತಲೇ ಉಣ್ಣುತ್ತಿದ್ದರು. ಆ ದಿನ ಯಾವುದನ್ನು ಮೊದಲು ಹುರಿಯುವುದು, ಯಾರು ಕುಟ್ಟುವ ಮಷಿನ್ನಿಗೆ, ಯಾರ ಮಗುವಿಗೆ ಜ್ವರವೆಂದು ಬೇಗ ಮನೆಗೆ, ಎಲ್ಲ ಆಕೆಯ ಬಾಯಲ್ಲಿ. ಮಾಲೀಕರಾದ ತಾರಾಬಾಯಿಗೂ ಸರದಿ ಇತ್ತು. ಒಂದೇ ಸರದಿ, ಎಲ್ಲರಂತೆ.

ಇದು ಕೆಟ್ಟದ್ದು ಒಂದು ಕಡಾಯಿ ಕೊತ್ತಂಬರಿ ಬೀಜ ಸೀದುಹೋದ ದಿನದಿಂದ. ಆ ಸೀದ ಖಾರ ಪಾಕೀಟಿನಲ್ಲಿ ತುಂಬಿ ಮೂಡಲಗಿಯ ತನಕ ಹೋಗಿ, ಬೈಗುಳದೊಂದಿಗೆ ವಾಪಸ್ಸು ಬಂತು. ಸಗಟು ಮಾಲು ಎತ್ತುವ ಗೋಕಾಕದ ವ್ಯಾಪಾರಿ ಅಣ್ಣಾಸಾಹೇಬ ಖುದ್ದಾಗಿ ಜೀಪು ಹತ್ತಿಕೊಂಡು ಬಂದರು. ಇಲ್ಲಿ ಮುಖ್ಯಸ್ಥರು ಯಾರು ಎಂದು ಕೇಳಿದರು. ಒಲೆಯ ಮುಂದಿದ್ದ ಸಪ್ನಾ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ವಸ್ತ್ರ ಸರಿಸಿ ಇವತ್ತು ತಾನೇ ಎಂದಳು. ನಿನ್ನೆ ಯಾರಿದ್ದರು ಎಂದರೆ ನಿನ್ನೆ ಬೇರೆಯವರು. ಮೊನ್ನೆ ಎಂದರೆ ಮೊನ್ನೆ ಇನ್ನೊಬ್ಬರು. ನಾಳೆ ಬಂದರೆ ಯಾರು ಸಿಗುತ್ತೀರಿ ಎಂದು ಕೇಳಿದ್ದಕ್ಕೆ, ನಾಳೆ ಬಂದವರಿಗೆ ಗೊತ್ತಾಗುತ್ತದೆ ಎಂದುಬಿಟ್ಟಳು. ಅಣ್ಣಾಸಾಹೇಬರು ಅಭಿನಂದನನ ಕಡೆ ತಿರುಗಿ, ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯುವುದಿಲ್ಲ, ಹೆಸರು ಹಿಡಿದು ಕೇಳಲು ಒಬ್ಬರನ್ನು ಇಡು, ಇಲ್ಲವಾದರೆ ಬೇರೆ ಕಡೆ ಖಾರ ನೋಡುತ್ತೇನೆ ಎಂದು ಹೇಳಿ ಹೋದರು.

ಆ ಒಬ್ಬರು ಉದ್ದವ್ವ ಎಂದು ತೀರ್ಮಾನವಾಯಿತು.

ಉದ್ದವ್ವ ಘೋಡಗೇರಿಯಿಂದ ಮದುವೆಯಾಗಿ ಬಂದವಳು. ನಲವತ್ತರ ಆಸುಪಾಸು, ಎತ್ತರದ ಆಳು, ಹೆದ್ದಾರಿಯ ಲಾರಿಯ ಸದ್ದನ್ನೂ ಮೀರಿ ಕೇಳುವ ದನಿ. ಅಭಿನಂದನ ಚಡ್ಡಿ ಹಾಕುವ ವಯಸ್ಸಿನಿಂದ ಅವಳನ್ನು ಉದ್ದವ್ವಕ್ಕ ಎನ್ನುತ್ತಿದ್ದ. ಕುರ್ಚಿ ಬಂದ ಸೋಮವಾರ ಆಫೀಸಿಗೆ ಕರೆದು ಬರಿಯ ಉದ್ದವ್ವ ಎಂದ. ಸುಪರ್ವೈಜರ್ ಎಂದು ಹೇಳಿ ಕುರ್ಚಿ ತೋರಿಸಿದ.

ಅವಳಿಗೆ ಹಿಗ್ಗಾಗಲಿಲ್ಲ ಎಂದರೆ ಸುಳ್ಳು. ಬಹಳ ಹಿಗ್ಗಾಯಿತು. ಹುಟ್ಟಿದಾಗಿನಿಂದ ಅಪ್ಪನ ಮಾತು, ಆಮೇಲೆ ಅತ್ತೆಯ ಮಾತು, ಆಮೇಲೆ ಮೈದುನರ ಮಾತು ಕೇಳಿ ಕೇಳಿ ಸಾಕಾಗಿದ್ದವಳು. ಒಮ್ಮೆಯಾದರೂ ತಾನು ಹೇಳಿದ್ದು ದಿನವೂ ನಡೆಯಲಿ ಎಂದು ಯಾರಿಗೆ ಅನಿಸುವುದಿಲ್ಲ? ಗಂಡ ಬಾಳೇಶ ಬಾಡಿಗೆಗೆ ಟೆಂಪೋ ಓಡಿಸುವವನು. ಅವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತು, ತನ್ನ ಹೆಂಡತಿ ಈಗ ಕುರ್ಚಿಯ ಮೇಲೆ ಕೂರುವವಳು ಎಂದು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ಉದ್ದವ್ವ ಅವನನ್ನು ಬಾಯಿಮುಚ್ಚು ಎಂದು ಬೈದಳು, ಆದರೆ ದನಿಯಲ್ಲಿ ಜೋರಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಹೊಸ ಸೀರೆ ಉಟ್ಟು ಹೋದಾಗ ಕಸ ಹಾಗೇ ಬಿದ್ದಿತ್ತು. ಕೊಡ ಖಾಲಿ. ಒಲೆ ತಣ್ಣಗೆ. ಹೆಣ್ಣುಮಕ್ಕಳೆಲ್ಲ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಇವತ್ತು ಹೊಲ ಯಾರದು ಎಂದು ಸಪ್ನಾ ಕೇಳಿದಳು. ಉದ್ದವ್ವನದು ಎಂದು ಉಳಿದವರು ಹೇಳಿದರು. ದಿನವೂ ಮಾತು ಅವಳದೇ ಎಂದ ಮೇಲೆ ಹೊಲವೂ ಅವಳದೇ, ಇದರಲ್ಲಿ ತಿಳಿಯದಿರುವಂಥದ್ದೇನಿದೆ? ಉದ್ದವ್ವ ನಕ್ಕು ಕಸಬರಿಗೆ ಹಿಡಿದಳು. ಬುಧವಾರವೂ ಹೊಲ ಅವಳದೇ ಆಯಿತು. ಗುರುವಾರ ಅವಳಿಗೆ ನಗು ಬರಲಿಲ್ಲ. ಶುಕ್ರವಾರದ ಹೊತ್ತಿಗೆ ಗಂಟಲು ಕಟ್ಟಿ, ಲಾರಿಯನ್ನು ಮೀರಿಸುತ್ತಿದ್ದ ದನಿ ಅಡಗಿ, ಕಣ್ಣು ಕೆಂಡದಂತಾಗಿದ್ದವು. ಕುರ್ಚಿ ಮೂಲೆಯಲ್ಲಿ ಖಾರದ ಧೂಳು ತಿನ್ನುತ್ತಿತ್ತು. ಹೆಂಗಸರು ಇದನ್ನು ಬೇಕೆಂದೇ ಮಾಡಿದರೋ ರೀತಿಗೆ ಬಿದ್ದು ಮಾಡಿದರೋ ಹೇಳುವುದು ಕಷ್ಟ. ಎರಡೂ ಇದ್ದಿರಬೇಕು.

ಅಭಿನಂದನ ಶನಿವಾರ ಬಂದು ನೋಡಿದರೆ ಸುಪರ್ವೈಜರ್ ಕಸ ಗುಡಿಸುತ್ತಿದ್ದಾಳೆ. ಅವನಿಗೆ ಮೈಯೆಲ್ಲ ಉರಿಯಿತು. ಇವಳಿಗೆ ಗೌರವ ಕೊಟ್ಟರೆ ಇವಳೇ ಕಸಬರಿಗೆ ಹಿಡಿಯುತ್ತಾಳಲ್ಲ ಎಂದು ಕೂಗಾಡಿದ. ಸುಪರ್ವೈಜರ್ ಆದವಳು ಕಸಬರಿಗೆ, ಕೊಡ, ಕಡಾಯಿ ಮುಟ್ಟಕೂಡದು, ಕೂತು ನೋಡಬೇಕು, ಕೂತು ಹೇಳಬೇಕು ಎಂದು ಅಪ್ಪಣೆ ಮಾಡಿದ. ಉದ್ದವ್ವ ಕೂತಳು. ಸೊಂಟಕ್ಕೆ ಆರಾಮೆನಿಸಿತು ಎಂಬುದನ್ನೂ ಹೇಳಬೇಕು.

ಆದರೆ ಅವಳು ಕೂತ ಕೂಡಲೇ ಹೊಲ ಮತ್ತೆ ಸರದಿಗೆ ಬಿತ್ತು. ಸೋಮವಾರ ಹೊಲ ಅಲ್ಲವ್ವನದು. ಅಲ್ಲವ್ವ ಅವರಲ್ಲೆಲ್ಲ ಹಿರಿಯಳು. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ನಿಧಾನ, ಆದರೆ ಸರದಿ ಬಿಟ್ಟವಳಲ್ಲ. ಮಧ್ಯಾಹ್ನ ಕೊತ್ತಂಬರಿ ಬೀಜ ಹದಕ್ಕೆ ಬಂದ ವಾಸನೆ ಉದ್ದವ್ವನ ಮೂಗಿಗೆ ಬಡಿಯಿತು. ಇಳಿಸು ಎಂದು ಕುರ್ಚಿಯಿಂದಲೇ ಸಪ್ನಾಗೆ ಹೇಳಿದಳು. ಸಪ್ನಾ ಅವಳ ಕಡೆ ನೋಡಲಿಲ್ಲ, ಅಲ್ಲವ್ವನ ಕಡೆ ಕತ್ತು ತಿರುಗಿಸಿದಳು. ಅಲ್ಲವ್ವ ಕೈಯಾಡಿಸಿ ನೋಡಿ, ಆಮೇಲೆ ತಲೆಯಾಡಿಸಿದಳು. ಆಗ ಸಪ್ನಾ ಇಳಿಸಿದಳು. ಏನೂ ಸೀಯಲಿಲ್ಲ. ಸೀದದ್ದು ಉದ್ದವ್ವನ ಹೊಟ್ಟೆ.

ಸಂಜೆ ಕೈ ತೊಳೆಯುವ ಕಡೆ ಅಲ್ಲವ್ವನನ್ನು ಹಿಡಿದು, ತನ್ನ ಮಾತಿಗೆ ಇಷ್ಟೂ ಬೆಲೆ ಇಲ್ಲವೇ, ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡದ್ದು ಇದಕ್ಕೇ ಏನು ಎಂದು ಕೇಳಿದಳು. ಹೊಟ್ಟೆಕಿಚ್ಚೇ ಎಂದೂ ಕೇಳಿಬಿಟ್ಟಳು. ಅಲ್ಲವ್ವ ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಸಿಟ್ಟಿಲ್ಲದೆ ಹೇಳಿದಳು.

"ನಿನ್ನ ಮಾತ ಕೆಟ್ಟದ್ದಂತಲ್ಲ ಉದ್ದಿ. ಹೊಲ ನಿಂದಲ್ಲ. ಹೊಲ ನಿಂದಾಗಿದ್ದ ದಿನ ನೀ ಸುಡು ಅಂದಿದ್ರ ಸುಡತಿದ್ವಿ."

ಉದ್ದವ್ವ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮುದುಕಿಯನ್ನು ಮನಸ್ಸಿನಲ್ಲೇ ಬೈದಳು. ಬೈಯುತ್ತ ಬೈಯುತ್ತ ಘೋಡಗೇರಿಯ ತನ್ನ ತಾಯಿಯ ನೆನಪಾಯಿತು. ಹಸಿ ಮೈಯ ಬಾಣಂತಿಯಾಗಿದ್ದಾಗಲೂ ಮುಯ್ಯಾಳು ಬರುವ ದಿನ ಕೊಡ ಹೊತ್ತು ಮುಂದೆ ಹೋದವಳು ಆ ತಾಯಿ. ಬೈಗುಳ ಅಲ್ಲಿಗೇ ನಿಂತಿತು.

ಮಾರನೆಯ ದಿನ ಅಭಿನಂದನ ಮತ್ತೆ ಕರೆಸಿದ. ಬಂಗಾರದ ಅಕ್ಷರದ ಚೌಕಟ್ಟಿನ ಕೆಳಗೇ ಕೂತಿದ್ದ. ಅಣ್ಣಾಸಾಹೇಬರು ದೊಡ್ಡ ಆರ್ಡರ್ ಕೊಡಲು ಒಪ್ಪಿದ್ದಾರೆ, ನಾಳೆ ಸಂಜೆಗೆ ಮಾಲು ಗೋಕಾಕ ಮುಟ್ಟಬೇಕು, ಆದರೆ ಸೀದ ಖಾರಕ್ಕೆ ಯಾರ ಮೇಲೆ ಏನು ಕ್ರಮ ಆಯಿತು ಎಂದು ಕೇಳುತ್ತಿದ್ದಾರೆ ಎಂದ. ಆ ದಿನ ಕಡಾಯಿಯ ಮುಂದೆ ಅಲ್ಲವ್ವ ಇದ್ದಳು, ಅವಳಿಗೆ ಕಣ್ಣೂ ಸರಿಯಿಲ್ಲ, ಅವಳನ್ನು ಕೆಲಸದಿಂದ ತೆಗೆದೆವು ಎಂದರೆ ಮುಗಿಯಿತು. ತಾನು ಹೇಳುವುದು ಸರಿಯಲ್ಲ, ಸುಪರ್ವೈಜರ್ ಹೇಳಬೇಕು, ಪದ್ಧತಿ ಹಾಗೆ. ಇವತ್ತೇ ಹೇಳಿಬಿಡು ಎಂದ.

ಉದ್ದವ್ವನಿಗೆ ಈಗ ಅರ್ಥವಾಯಿತು, ಕುರ್ಚಿಯನ್ನು ಯಾಕೆ ತಂದರು ಎಂದು. ತಾನು ಹೇಳಿದ್ದನ್ನು ನಡೆಸಲಿಕ್ಕಲ್ಲ, ಅವನು ಹೇಳಲಾರದ್ದನ್ನು ತನ್ನ ಬಾಯಿಂದ ಹೇಳಿಸಲಿಕ್ಕೆ. ಹೇಳಿದರೆ ಕುರ್ಚಿ ಉಳಿಯುತ್ತದೆ, ಅಲ್ಲವ್ವ ಹೋಗುತ್ತಾಳೆ. ಹೇಳದಿದ್ದರೆ ಇಬ್ಬರೂ ಹೋಗುತ್ತಾರೆ. ಅವಳಿಗೆ ಭಯವಾಯಿತು. ಭಯದ ಹಿಂದೆಯೇ ಸಿಟ್ಟು ಬಂತು, ಮತ್ತು ಸಿಟ್ಟು ದೊಡ್ಡದಿತ್ತು.

"ಆ ದಿನ ಒಲಿ ಮುಂದ ಅಲ್ಲವ್ವ ಇದ್ಲು, ಖರೆ," ಎಂದಳು. "ಸುತ್ತ ನಾವೆಲ್ಲಾ ಇದ್ವಿ. ಯಾರ ಮೂಗೂ ಸತ್ತಿದ್ದಿಲ್ಲ. ಆಕಿನ್ನ ತಗೀಬೇಕಂದ್ರ ಎಲ್ಲಾರನೂ ತಗೀರಿ, ಸೌಕಾರ್ರ. ನನ್ನ ಬಾಯಿ ಬಾಡಿಗಿಗಿಲ್ಲ."

ಅಭಿನಂದನ ಎದ್ದು ನಿಂತ. ಹಾಗಿದ್ದರೆ ನಾಳೆಯಿಂದ ಬರಬೇಡ, ಯಾರಿಗೆ ಸುಪರ್ವೈಜರ್ ಬೇಡವೋ ಅವರೂ ಬರಬೇಡಿ, ಹೆದ್ದಾರಿಯ ಮೇಲೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೇನು ಬರವೇ ಎಂದ. ಉದ್ದವ್ವ ಹೊರಗೆ ಹೋದಳು. ಹೋಗಿ ಕುರ್ಚಿಯನ್ನು ಹಿಡಿದು ಅಂಗಳದ ಉದ್ದಕ್ಕೂ ಗಡಗಡ ಉರುಳಿಸಿಕೊಂಡು ಬಂದು ಆಫೀಸಿನ ಬಾಗಿಲಲ್ಲಿ ನಿಲ್ಲಿಸಿದಳು. ಗಾಲಿಗಳು ಅಂತೂ ಉಪಯೋಗಕ್ಕೆ ಬಂದವು. ಆ ಸದ್ದಿಗೆ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ನೋಡಿದರು. ನಡೆದದ್ದನ್ನು ಅವಳು ನಾಲ್ಕು ಮಾತಲ್ಲಿ ಹೇಳಿದಳು. ಅಲ್ಲವ್ವ ತಾನೊಬ್ಬಳೇ ಹೋಗುತ್ತೇನೆ, ನೀವು ಇರಿ ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಹಸಿವೆಯ ಹೆದರಿಕೆ ಎಲ್ಲರ ಮುಖದ ಮೇಲೂ ಕಾಣುತ್ತಿತ್ತು, ಆದರೂ ಒಬ್ಬೊಬ್ಬರೇ ಬುತ್ತಿಯ ಗಂಟು ಎತ್ತಿಕೊಂಡು ಹೊರಬಿದ್ದರು.

ಸಂಜೆ ಬಾಳೇಶ ಮನೆಯೊಳಗೆ ಬಂದು ಕಂಬಕ್ಕೆ ಒರಗಿ ನಿಂತ. ಸಣ್ಣ ಸೌಕಾರ ಅವನ ಟೆಂಪೋವನ್ನೇ ನಾಳೆಗೆ ಹೇಳಿದ್ದ. ಕಣಗಲಾದಿಂದ ಹೆಣ್ಣಾಳುಗಳನ್ನು ತುಂಬಿಕೊಂಡು ಬರಬೇಕಂತೆ. ಊರಲ್ಲಿ ಬೇರೆ ಟೆಂಪೋಗಳೂ ಇದ್ದವು, ಇವನು ಬೇಡವೆಂದರೆ ಅವರು ಹೋಗುತ್ತಿದ್ದರು. ಬೈಗುಳ ಬರುತ್ತದೆಂದು ಅವನು ಕಾದ. ಉದ್ದವ್ವ ರೊಟ್ಟಿ ಬಡಿಯುತ್ತಲೇ, ಹೋಗು ಎಂದಳು. ಆದರೆ ಅವರನ್ನು ಒಳಗೆ ಇಳಿಸಬೇಡ, ಗೇಟಿನ ಹೊರಗೆ ಇಳಿಸು ಎಂದಳು. ಯಾಕೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಕೇಳಿದ್ದರೆ ಅವಳಿಗೂ ಪೂರಾ ಗೊತ್ತಿರಲಿಲ್ಲ. ತಮ್ಮ ಅನ್ನ ಕಿತ್ತುಕೊಳ್ಳಲು ಬರುವವರ ಮುಖವನ್ನಾದರೂ ನೋಡಬೇಕು ಎನಿಸಿತ್ತು.

ಬೆಳಿಗ್ಗೆ ಅವರೆಲ್ಲ ಗೇಟಿನ ಹೊರಗೆ ರಸ್ತೆಯ ಬದಿಯಲ್ಲಿ ನಿಂತರು. ಅಡ್ಡ ನಿಲ್ಲಬಾರದು, ಕೈ ಮುಗಿಯಬಾರದು, ಕಲ್ಲು ಮುಟ್ಟಬಾರದು ಎಂದು ಉದ್ದವ್ವ ಮೊದಲೇ ಹೇಳಿದ್ದಳು. ಆ ದಿನ ಹೊಲ ತನ್ನದೆಂದುಕೊಂಡೇ ಹೇಳಿದಳು. ಎಲ್ಲರಿಗಿಂತ ಮೊದಲು ಬಂದು ನಿಂತವಳೂ ಅವಳೇ. ಒಳಗಿನ ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿತ್ತು. ಹಿಡಕಲ್ ಕಡೆಯಿಂದ ಮೋಡ ಏರುತ್ತಿತ್ತು. ಅಭಿನಂದನ ಒಳಗೂ ಹೊರಗೂ ಓಡಾಡುತ್ತ ಗಡಿಯಾರ ನೋಡುತ್ತಿದ್ದ.

ಟೆಂಪೋ ಬಂದು ನಿಂತಿತು. ಬಾಳೇಶ ಹೆಂಡತಿಯ ಕಡೆ ನೋಡದೆ ಹಿಂದಿನ ಬಾಗಿಲು ಇಳಿಸಿದ. ಕಣಗಲಾದ ಹೆಂಗಸರು ಸೀರೆ ಕೊಡವಿಕೊಳ್ಳುತ್ತ ಇಳಿದರು. ಅವರ ಮುಂದಾಳು ಚನ್ನವ್ವ ಎಂಬಾಕೆ, ಕುಳ್ಳಗಿನ, ಗಟ್ಟಿ ಮೈಯ ಹೆಂಗಸು. ರಸ್ತೆಯ ಬದಿಗೆ ಬುತ್ತಿ ಹಿಡಿದು ನಿಂತವರನ್ನು ನೋಡಿದಳು, ಗೇಟಿನೊಳಗೆ ಕಸ ಬಿದ್ದ ಅಂಗಳವನ್ನು ನೋಡಿದಳು. ಉದ್ದವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಈಕೆ ಒಳಗೆ ಹೋಗಿ ಕೂತರೆ ಮುಗಿಯಿತು. ಅಲ್ಲವ್ವನಿಗೂ ತನಗೂ ಬೆನ್ನ ಹಿಂದೆ ನಿಂತ ಅಷ್ಟೂ ಮನೆಗಳಿಗೂ ನಾಳೆ ಒಲೆ ಹೊತ್ತುವುದಿಲ್ಲ. ಅದೂ ತನ್ನ ಬಾಯಿಯಿಂದಾಗಿ.

ಚನ್ನವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಯಾರನ್ನೂ ಗುರಿಯಿಡದೆ ಕೇಳಿದಳು.

"ಹೊಲ ಯಾರದು?"

ಉದ್ದವ್ವ ಬಾಯಿ ತೆರೆಯುವಷ್ಟರಲ್ಲಿ ಅಭಿನಂದನನೇ ಮುಂದೆ ಬಂದ. ಈ ರಸ್ತೆ ಬದಿಯವರು ಏನೋ ಹಕ್ಕು ಹೂಡುತ್ತಿದ್ದಾರೆ, ಅದಕ್ಕೇ ಈಕೆ ಆಸ್ತಿ ಯಾರದೆಂದು ಕೇಳುತ್ತಿದ್ದಾಳೆ ಎಂದು ತಿಳಿದ.

"ಹೊಲಾ ನಂದು," ಎಂದ, ಎಲ್ಲರಿಗೂ ಕೇಳುವ ಹಾಗೆ. "ಕಾರ್ಖಾನಿ ನಂದು, ಜಾಗಾ ನಂದು, ಎಲ್ಲಾ ನಂದು. ಒಳಗ ಬರ್ರಿ."

ರಸ್ತೆಯ ಬದಿಯಲ್ಲಿ ಸಪ್ನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉದ್ದವ್ವನ ಭಯ ಒಮ್ಮೆಲೇ ಇಳಿಯಿತು. ತಾಯಿಯ ಮನೆಯಲ್ಲೇ ಹುಟ್ಟಿ, ತಾಯಿಯ ಕಾರ್ಖಾನೆಯಲ್ಲೇ ಬೆಳೆದು, ಆ ಮಾತಿನ ಭಾರವೆಷ್ಟು ಎಂದು ತಿಳಿಯದವನ ಮೇಲೆ ಅವಳಿಗೆ ಒಂದು ಗಳಿಗೆ ಮರುಕವೂ ಬಂತು.

ಕಣಗಲಾದವರು ಒಳಗೆ ಹೋದರು. ಸಾಲಾಗಿ ಕೂತರು. ಕೂತು ಸುಮ್ಮನಾದರು. ಅಭಿನಂದನ ಮೆಣಸಿನಕಾಯಿ ರಾಶಿ ತೋರಿಸಿ ಶುರು ಮಾಡಿ ಎಂದ. ಯಾರೂ ಅಲ್ಲಾಡಲಿಲ್ಲ. ಇನ್ನೂ ಕಸ ಹೊಡೆದಿಲ್ಲವಲ್ಲ ಎಂದು ಚನ್ನವ್ವ ಸಹಜವಾಗಿ ಹೇಳಿದಳು. ನೀರೂ ಬಂದಿಲ್ಲ. ಒಲೆಯ ಮುಂದೆ ಯಾರೂ ಕೂತಿಲ್ಲ. ಅವನು ಅದನ್ನೆಲ್ಲ ನೀವೇ ಮಾಡಬೇಕು ಎಂದ. ಚನ್ನವ್ವನಿಗೆ ಇವನ ಮಾತು ತಿಳಿಯಲಿಲ್ಲ. ಈಗಷ್ಟೇ ಹೊಲ ತನ್ನದೆಂದು ನಾಲ್ಕು ಮಂದಿಯ ಮುಂದೆ ಹೇಳಿದ್ದಾನಲ್ಲ, ಹೇಳಿದ ಮೇಲೆ ಕೊಡ ಹೊರಲು ಯಾಕೆ ಹಿಂದೆಮುಂದೆ ನೋಡುತ್ತಾನೆ ಎಂದು ಪಕ್ಕದಾಕೆಯನ್ನು ಕೇಳಿದಳು. ಅವನು ರೇಗಿ, ಪಗಾರ ಕೊಡುತ್ತೇನೆ, ಪುಕ್ಕಟೆ ಕರೆದಿಲ್ಲ ಎಂದು ಕೂಗಿದ.

"ಪಗಾರ ಕೊಡ್ತೀರಿ, ಅದಕ್ಕ ಬಂದೇವ್ರಿ," ಎಂದಳು ಚನ್ನವ್ವ. "ಮಾತ ಯಾರದ ಕೇಳಬೇಕು ಅಂತ ಕೇಳಾಕತ್ತೇವಿ. ಅದು ಪಗಾರದಾಗ ಬರೂದಿಲ್ಲ."

ಅಭಿನಂದನ ಗೇಟಿಗೆ ಬಂದು ಉದ್ದವ್ವನ ಮುಂದೆ ನಿಂತ. ಕಿವಿ ಕೆಂಪಾಗಿದ್ದವು. ಇದನ್ನೆಲ್ಲ ನೀನೇ ಕಲಿಸಿ ಕಳಿಸಿದ್ದೀಯ ಎಂದ. ಗಂಡನ ಟೆಂಪೋದಲ್ಲಿ ಕೂರಿಸಿ ಪಾಠ ಮಾಡಿಸಿದ್ದೀಯ ಎಂದ. ಬಾಳೇಶ ಟೆಂಪೋದ ಹಿಂದೆ ಮರೆಯಾದ. ಉದ್ದವ್ವ ಹಿಂದೆ ಸರಿಯಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ನಾ ಯಾರಿಗೂ ಕಲಿಸಿಲ್ರಿ. ಅವರವ್ವ ಅವರಿಗೆ ಕಲಿಸ್ಯಾಳ, ನಮ್ಮವ್ವ ನಮಗ ಕಲಿಸ್ಯಾಳ. ನಿಮಗೂ ನಿಮ್ಮ ತಾಯಿ ಕಣ್ಣ ಮುಂದ ಮಾಡಿ ತೋರಿಸಿದ್ರು. ನೀವ ಬೆಳಗಾವಿಗೆ ಹೋಗಿ ಮರತ ಬಂದ್ರಿ. ಈಗ ಹುಕ್ಕೇರಿಗೆ ಟೆಂಪೋ ಕಳಸ್ರಿ, ಮೂಡಲಗಿಗೆ ಕಳಸ್ರಿ. ಯಾವ ಊರಿಂದ ಹೆಣ್ಣಾಳ ತಂದ್ರೂ ಇಳದ ಕೂಡಲೇ ಇದನ್ನ ಕೇಳತಾರು. ಕುರ್ಚಿ ಮ್ಯಾಲ ಕುಂತವರ ಮಾತ ಈ ಕಡೆ ಯಾರೂ ಕೇಳೂದಿಲ್ಲ."

ಇಷ್ಟು ಮಾತನ್ನು ಅವಳು ಮಾಲೀಕನಿಗೆ ಹೇಳಿದ್ದು ಅದೇ ಮೊದಲು.

ಅಭಿನಂದನ ಮೇಲೆ ನೋಡಿದ. ತಾರಾಬಾಯಿ ಮೇಲಿನ ಮನೆಯ ಕಟಕಟೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮಗ ಏನನ್ನು ನಿರೀಕ್ಷಿಸಿದ್ದನೋ. ಅವರು ಹೇಳಿದ್ದು ಇಷ್ಟೇ: ನೀರನ್ನು ಹಿಂದಿನ ಬಾವಿಯಿಂದ ಸೇದು, ನಳದ ನೀರು ಕುಡಿಯಲು ಗಡಸು. ಹೇಳಿ ಒಳಗೆ ಹೋದರು.

ಮೋಡ ಇನ್ನಷ್ಟು ಹತ್ತಿರ ಬಂದಿತ್ತು. ಅವನು ಬಹಳ ಹೊತ್ತು ಅಂಗಳದ ನಡುವೆ ನಿಂತ. ಒಂದು ಕಡೆ ಗೋಕಾಕದ ಆರ್ಡರ್, ಇನ್ನೊಂದು ಕಡೆ ತನ್ನ ಮಾನ. ಕಣಗಲಾದವರು ಅವನನ್ನು ಹಂಗಿಸಲಿಲ್ಲ, ನಗಲಿಲ್ಲ. ಕರೆದವರ ಮನೆಯಲ್ಲಿ ಎಲೆ ಹಾಕುವುದನ್ನು ಕಾಯುವ ಬೀಗರ ಹಾಗೆ ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆಯನ್ನು ತಡೆಯಲು ಅವನಿಂದಾಗಲಿಲ್ಲ. ಅವನು ಅಂಗಿಯ ತೋಳು ಮಡಚಿ ಕಸಬರಿಗೆ ಹಿಡಿದ.

ಹಿಡಿದದ್ದೇ ತಲೆಕೆಳಗಾಗಿ. ಗುಡಿಸಿದ ಕಸ ಗಾಳಿಗೆ ವಾಪಸ್ಸು ಬಂತು, ತಂದ ಕೊಡದ ಅರ್ಧ ನೀರು ಪ್ಯಾಂಟಿನ ಮೇಲೆ ಹೋಯಿತು. ಒಲೆ ಹೊತ್ತಿತು, ಕಡಾಯಿ ಕಾಯಿತು, ಮೊದಲ ಬುಟ್ಟಿ ಮೆಣಸಿನಕಾಯಿ ಬಿದ್ದ ಕೂಡಲೇ ಅವನು ಕೆಮ್ಮಿ ಕೆಮ್ಮಿ ನೆಲಕ್ಕೆ ಕೈಯೂರಿದ. ಎದ್ದು ಹೋಗುತ್ತಾನೆ ಎಂದು ಎಲ್ಲರೂ ತಿಳಿದರು. ಹೋಗಲಿಲ್ಲ. ಅಷ್ಟರಮಟ್ಟಿಗೆ ತಾರಾಬಾಯಿಯ ಮಗನೇ. ಕಣ್ಣೀರು ಸುರಿಯುತ್ತಿದ್ದಂತೆಯೇ ಮಗುಚುವ ಹುಟ್ಟು ಹಿಡಿದು ಕೂತ. ಅದನ್ನು ನೋಡಿ ಚನ್ನವ್ವ ಸೆರಗು ಕಟ್ಟಿ, ಏನು ಮಾಡೋಣ ಹೇಳಿ ಎಂದು ಕೇಳಿದಳು. ಅವನು ಹೇಳಿದ. ಅವರು ಮಾಡಿದರು.

ಆಗ ಗೇಟಿನ ಹೊರಗಿದ್ದ ಅಲ್ಲವ್ವ ಒಳಗೆ ಹೋಗಿ ಅವನ ಬಾಜೂಕ ಕೂತಳು. ಅವಳ ಹಿಂದೆ ಸಪ್ನಾ, ಸಪ್ನಾಳ ಹಿಂದೆ ಉಳಿದವರು. ಅವನು ತಡೆಯಲಿಲ್ಲ. ಮುಯ್ಯಾಳಿಗೆ ಬಂದವರನ್ನು ತಡೆಯುವ ರೀತಿ ಇಲ್ಲ, ತಡೆಯಲು ಅವನಿಗೆ ಉಸಿರೂ ಇರಲಿಲ್ಲ. ಉದ್ದವ್ವ ಎಲ್ಲರಿಗಿಂತ ಕೊನೆಗೆ ಹೋಗಿ ಪಾಕೀಟು ಕಟ್ಟುವವರ ಸಾಲಿನ ತುದಿಯಲ್ಲಿ ಕೂತಳು. ಎರಡೂರಿನ ಕೈ ಸೇರಿ ಮಳೆ ಬೀಳುವ ಮೊದಲೇ ಮೆಣಸಿನಕಾಯಿ ಒಳಗಾಯಿತು. ಮಧ್ಯಾಹ್ನ ಎಲ್ಲರ ಬುತ್ತಿ ಬಿಚ್ಚಿದ ಮೇಲೆ ಅಭಿನಂದನ ಗೋಡೆಗೆ ಒರಗಿ ಕೂತು ಚನ್ನವ್ವ ಕೊಟ್ಟ ತಣ್ಣನೆಯ ರೊಟ್ಟಿ ತಿಂದ. ಸಂಜೆ ಮಾಲು ಗೋಕಾಕದ ಹಾದಿ ಹಿಡಿಯಿತು. ಕಣಗಲಾದವರು ಪಗಾರ ಎಣಿಸಿಕೊಂಡು, ಯಮಕನಮರಡಿಯವರ ಮೇಲೆ ನಮ್ಮದೊಂದು ದಿನದ ಮುಯ್ಯಿ ಬಾಕಿ ಇದೆ, ತೀರಿಸಲು ಬನ್ನಿ ಎಂದು ಹೇಳಿ ಟೆಂಪೋ ಹತ್ತಿದರು. ಬಾಳೇಶ ಹೆಂಡತಿಯ ಕಡೆ ಈಗ ಧೈರ್ಯವಾಗಿ ನೋಡಿದ.

ಉದ್ದವ್ವ ಕೈ ತೊಳೆಯುತ್ತಿದ್ದಾಗ ಅಭಿನಂದನ ಬಂದ. ಮುಖವೆಲ್ಲ ಖಾರದ ಧೂಳು, ಕಣ್ಣು ಊದಿದ್ದವು. ಆದರೆ ಒಳ್ಳೇ ಹುರುಪಿನಲ್ಲಿದ್ದ. ಬೆಳಗಾವಿಯವರು ಹೇಳಿದ್ದು ಇವತ್ತು ನನಗೆ ತಿಳಿಯಿತು ಉದ್ದವ್ವಕ್ಕ ಎಂದ. ಅಕ್ಕ ಎಂದದ್ದು ಅವಳಿಗೆ ಕೇಳಿಸಿತು, ಇಷ್ಟವೂ ಆಯಿತು. ಸುಪರ್ವೈಜರ್ ಬೇಡ, ಕುರ್ಚಿ ಮಾರಿಬಿಡುತ್ತೇನೆ ಎಂದ. ಇನ್ನು ಮೇಲೆ ಎಲ್ಲರಿಗಿಂತ ಮೊದಲು ನಾನು ಬರುತ್ತೇನೆ, ಕಸ ನಾನೇ ಹೊಡೆಯುತ್ತೇನೆ, ಕಡಾಯಿಯ ಮುಂದೆ ದಿನವೂ ನಾನೇ ಕೂರುತ್ತೇನೆ ಎಂದ.

"ಆಮ್ಯಾಗ ನನ್ನ ಮಾತಿಗೆ ಯಾರೂ ಇಲ್ಲ ಅನ್ನೂದಿಲ್ಲ, ಹೌದಿಲ್ಲೋ?" ಎಂದು ಕೇಳಿದ. "ದಿನಾ ಹೊಲಾ ನಂದ."

ಉದ್ದವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹುಡುಗನ ಮುಖದಲ್ಲಿದ್ದ ಸಂತೋಷ ನೋಡಿ ಅವಳಿಗೆ ಕರುಳು ಚುರುಕ್ಕೆಂದಿತು. ಆದರೂ ಬಿಟ್ಟುಕೊಡಲಿಲ್ಲ.

"ಇಲ್ರಿ. ನಿಮ್ಮ ಸರದಿ ಇವತ್ತಿಗೆ ಮುಗೀತು," ಎಂದಳು. "ಸರದಿ ಮತ್ತ ಹಿರ್ಯಾಕಿಯಿಂದ ಸುರು, ನಾಳಿ ಹೊಲ ಅಲ್ಲವ್ವಂದು. ಬರೂದಿದ್ರ ಹೊತ್ತಿಗೆ ಸರಿಯಾಗಿ ಬರ್ರಿ, ತಡಾ ಮಾಡಿದವರನ್ನ ಆಕಿ ಬೈತಾಳ."